ಬೇಸಿಗೆಯ ತರಕಾರಿ ಕೈತೋಟ

ಬೇಸಿಗೆಯ ತರಕಾರಿ ಕೈತೋಟ ಎಂದರೆ ಮನೆಯ ಹಿತ್ತಲು, ಅಂಗಳ ಅಥವಾ ತಾರಸಿಯಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ಮನೆಬಳಕೆಗಾಗಿ ತರಕಾರಿಗಳನ್ನು ಬೆಳೆಯುವ ಪದ್ಧತಿಯಾಗಿದೆ. ಕರ್ನಾಟಕದ ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಮುಂತಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತಂಪು ದೇಶಗಳಲ್ಲಿ ಬೇಸಿಗೆಯೇ ತರಕಾರಿಯ ಮುಖ್ಯ ಹಂಗಾಮು. ಬಿಸಿ ಪ್ರದೇಶಗಳಲ್ಲಿ ಬಿಸಿಲಿಗೆ ಕೊರತೆಯಿರುವುದಿಲ್ಲ. ಕೊರತೆಯಿರುವುದು ನೀರಿಗೆ ಮತ್ತು ರಾತ್ರಿಯ ತಂಪಿಗೆ. ಆದ್ದರಿಂದ ತಂಪು ದೇಶಗಳಲ್ಲಿ ಬೇಸಿಗೆಯ ಬೆಳೆ ಎನಿಸಿದ ಟೊಮೇಟೊ ಮತ್ತು ದೊಣ್ಣೆಮೆಣಸಿನಕಾಯಿ ಇಲ್ಲಿನ ಕಡುಬೇಸಿಗೆಯಲ್ಲಿ ಸರಿಯಾಗಿ ಕಾಯಿ ಕಚ್ಚುವುದಿಲ್ಲ. ಸೆಖೆಗೆ ಒಗ್ಗಿದ ಬೆಳೆಗಳ ಆಯ್ಕೆ, ಬಿತ್ತನೆಯ ಕಾಲ, ಮಣ್ಣಿನ ಹೊದಿಕೆ ಮತ್ತು ಮಿತವಾದ ನೀರಿನ ಬಳಕೆ ಈ ಪದ್ಧತಿಯ ಮುಖ್ಯ ಅಂಶಗಳಾಗಿವೆ.

ಉಷ್ಣತೆಯ ಪರಿಣಾಮ

ಅತಿಯಾದ ಸೆಖೆಯು ಗಿಡದ ಎಲೆಗಳಿಗಿಂತ ಮೊದಲು ಹೂವುಗಳ ಮೇಲೆ ಪರಿಣಾಮ ಬೀರುತ್ತದೆ. ಟೊಮೇಟೊ ಬೆಳೆಯಲ್ಲಿ ಹಗಲಿನ ಉಷ್ಣತೆ ಸುಮಾರು 35 ಡಿಗ್ರಿ ಮತ್ತು ರಾತ್ರಿಯ ಉಷ್ಣತೆ ಸುಮಾರು 24 ಡಿಗ್ರಿ ಮೀರಿದಾಗ ಪರಾಗದ ಶಕ್ತಿ ಕುಂದಿ ಹೂಗಳು ಉದುರುತ್ತವೆ. ಗಿಡ ಹಸಿರಾಗಿದ್ದರೂ ಕಾಯಿ ನಿಲ್ಲುವುದಿಲ್ಲ. ಇದನ್ನು ಗೊಬ್ಬರದ ಕೊರತೆಯೆಂದು ತಿಳಿದು ಸಾರಜನಕಯುಕ್ತ ಗೊಬ್ಬರವನ್ನು ಹೆಚ್ಚಿಸಿದರೆ ಎಲೆಗಳಷ್ಟೇ ಬೆಳೆಯುತ್ತವೆ. ದೊಣ್ಣೆಮೆಣಸಿನಕಾಯಿಯಲ್ಲಿಯೂ ಇದೇ ತೊಂದರೆ ಕಾಣುತ್ತದೆ. ಕೊತ್ತಂಬರಿಯು ಸೆಖೆಯಲ್ಲಿ ಬೇಗನೆ ಹೂಬಿಟ್ಟು ಸೊಪ್ಪಿನ ಇಳುವರಿಯನ್ನು ಕಳೆದುಕೊಳ್ಳುತ್ತದೆ.

ಕೆಲವು ಬೆಳೆಗಳಿಗೆ ಅಡ್ಡಿಯಾಗುವುದು ಹಗಲಿನ ಅವಧಿ. ಸಾಂಪ್ರದಾಯಿಕ ಅವರೆ ತಳಿಗಳು ಹಗಲು ಚಿಕ್ಕದಾಗುವ ಚಳಿಗಾಲದಲ್ಲಿ ಮಾತ್ರ ಹೂಬಿಡುತ್ತವೆ. ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತದೆ, ಕಾಯಿ ಸಿಗುವುದಿಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಅರ್ಕಾ ಜಯ್ ಮತ್ತು ಅರ್ಕಾ ವಿಜಯ್ ಎಂಬ ಗಿಡ್ಡ ಅವರೆ ತಳಿಗಳಿಗೆ ಈ ಮಿತಿಯಿಲ್ಲ.

ಬೆಳೆಗಳ ಆಯ್ಕೆ

ಬೇಸಿಗೆಯನ್ನು ತಾಳಿಕೊಳ್ಳುವ ತರಕಾರಿಗಳನ್ನು ಹೀಗೆ ವಿಂಗಡಿಸಬಹುದು:

- ಬೆಂಡೆ: ಬಿಸಿ ಮಣ್ಣಿನಲ್ಲಿಯೇ ಚೆನ್ನಾಗಿ ಮೊಳೆಯುತ್ತದೆ. ಬಿತ್ತಿದ ಸುಮಾರು 45ರಿಂದ 50 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ.
- ಬಳ್ಳಿ ತರಕಾರಿಗಳು: ಹೀರೆ, ಹಾಗಲ, ಸೋರೆ, ಪಡವಲ, ಸೌತೆ, ಕುಂಬಳ ಮತ್ತು ಬೂದುಗುಂಬಳ. ತೊಂಡೆಯನ್ನು ಬಳ್ಳಿಯ ತುಂಡುಗಳಿಂದ ಬೆಳೆಸಲಾಗುತ್ತದೆ. ಒಮ್ಮೆ ನೆಟ್ಟರೆ ಹಲವು ವರ್ಷ ಫಲ ಕೊಡುತ್ತದೆ.
- ದ್ವಿದಳ ತರಕಾರಿಗಳು: ಗೋರಿಕಾಯಿ (ಉತ್ತರ ಕರ್ನಾಟಕದ ಚವಳಿಕಾಯಿ) ಮತ್ತು ಅಲಸಂದೆ. ಇವೆರಡೂ ಬರವನ್ನು ತಾಳಿಕೊಳ್ಳುತ್ತವೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತವೆ.
- ಸೊಪ್ಪುಗಳು: ದಂಟು, ಹರಿವೆ ಮತ್ತು ಬಸಳೆ. ದಂಟು ಮತ್ತು ಹರಿವೆ ಸೇರಿರುವ ಕುಲದ ಗಿಡಗಳು ಜೋಳ ಮತ್ತು ಕಬ್ಬಿನಂತೆ ಸಿ-4 ವಿಧಾನದ ದ್ಯುತಿಸಂಶ್ಲೇಷಣೆ ನಡೆಸುವುದರಿಂದ ತೀವ್ರ ಬಿಸಿಲನ್ನು ಕಡಿಮೆ ನೀರಿನಲ್ಲಿ ಉಪಯೋಗಿಸಿಕೊಳ್ಳಬಲ್ಲವು. ಸೊಪ್ಪು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಸಿದ್ಧವಾಗುತ್ತದೆ.
- ಬದನೆ ಮತ್ತು ಮೆಣಸಿನಕಾಯಿ: ಚಳಿಗಾಲದಲ್ಲಿಯೇ ನಾಟಿ ಮಾಡಿ ಬೇರು ಆಳಕ್ಕೆ ಇಳಿದಿದ್ದರೆ ಬೇಸಿಗೆಯಲ್ಲಿಯೂ ಉಳಿಯುತ್ತವೆ.
- ನುಗ್ಗೆ: ಸೊಪ್ಪು, ಹೂವು ಮತ್ತು ಕಾಯಿ ಮೂರೂ ಬಳಕೆಗೆ ಬರುತ್ತವೆ. ಕೈತೋಟದ ಪಶ್ಚಿಮ ಬದಿಯಲ್ಲಿ ನೆಟ್ಟರೆ ಮಧ್ಯಾಹ್ನದ ನಂತರ ಇತರ ಗಿಡಗಳಿಗೆ ತೆಳುವಾದ ನೆರಳು ದೊರೆಯುತ್ತದೆ.

ಬಿತ್ತನೆಯ ಕಾಲ

ಗಿಡಗಳು ಕಡುಬೇಸಿಗೆಗೆ ಮೊದಲೇ ಬೇರು ಬಿಡುವಂತೆ ನೋಡಿಕೊಳ್ಳುವುದು ಬಿತ್ತನೆಯ ಮುಖ್ಯ ತತ್ವ. ಬಳ್ಳಿ ತರಕಾರಿಗಳನ್ನು ಜನವರಿಯ ಕೊನೆಯಿಂದ ಫೆಬ್ರವರಿಯ ಕೊನೆಯೊಳಗೆ, ಬೆಂಡೆ ಮತ್ತು ಗೋರಿಕಾಯಿಗಳನ್ನು ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಬಿತ್ತಲಾಗುತ್ತದೆ. ಸೊಪ್ಪುಗಳನ್ನು ಒಮ್ಮೆಲೇ ಬಿತ್ತದೆ 15 ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ನಿರಂತರವಾಗಿ ಕೊಯ್ಲು ದೊರೆಯುತ್ತದೆ. ಟೊಮೇಟೊ ಸಸಿಗಳನ್ನು ಡಿಸೆಂಬರ್ ಅಥವಾ ಜನವರಿಯ ಆರಂಭದಲ್ಲಿ ನಾಟಿ ಮಾಡಿದರೆ ಸೆಖೆ ಏರುವ ಮೊದಲೇ ಕಾಯಿ ಕಚ್ಚುತ್ತದೆ. ಏಪ್ರಿಲ್‌ನಲ್ಲಿ ಹೊಸದಾಗಿ ನಾಟಿ ಮಾಡುವುದಕ್ಕಿಂತ, ಮೇ ತಿಂಗಳಲ್ಲಿ ನೆರಳಿನಲ್ಲಿ ಸಸಿಮಡಿ ಮಾಡಿ ಮುಂಗಾರಿನ ಆರಂಭಕ್ಕೆ ಸಸಿಗಳನ್ನು ಸಿದ್ಧಪಡಿಸುವುದು ಲಾಭಕರ.

ಮಣ್ಣು ಮತ್ತು ಮಡಿ

ಮಳೆಗಾಲದಲ್ಲಿ ನೀರು ನಿಲ್ಲದಂತೆ ಏರುಮಡಿಗಳನ್ನು ಮಾಡುವುದು ರೂಢಿ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾಗಿ, ನೆಲಮಟ್ಟಕ್ಕಿಂತ ಕೆಲವು ಅಂಗುಲ ತಗ್ಗಾದ ಮಡಿಗಳು ಉಪಯುಕ್ತ. ಹಾಕಿದ ನೀರು ಹರಿದುಹೋಗದೆ ಬೇರಿನ ಬಳಿಯೇ ಇಂಗುತ್ತದೆ ಮತ್ತು ಬಿಸಿಗಾಳಿಯ ಹೊಡೆತವೂ ಸ್ವಲ್ಪ ಕಡಿಮೆಯಾಗುತ್ತದೆ.

ದಕ್ಷಿಣದ ಕೆಂಪು ಮಣ್ಣು ಬೇಗ ನೀರು ಬಸಿಯುವುದರಿಂದ ಕಡಿಮೆ ನೀರನ್ನು ಹೆಚ್ಚು ಬಾರಿ ಕೊಡಬೇಕಾಗುತ್ತದೆ. ಉತ್ತರದ ಎರೆಮಣ್ಣು ಹೆಚ್ಚು ತೇವ ಹಿಡಿದಿಟ್ಟುಕೊಂಡರೂ ಒಣಗಿದಾಗ ಆಳವಾಗಿ ಬಿರುಕುಬಿಟ್ಟು ಬೇರುಗಳನ್ನು ಹರಿಯುತ್ತದೆ. ಎರಡೂ ಬಗೆಯ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವೇ ಪರಿಹಾರ. ಪ್ರತಿ ಚದರ ಮೀಟರಿಗೆ 2ರಿಂದ 3 ಕಿಲೋಗ್ರಾಂ ಗೊಬ್ಬರವನ್ನು ಬಿತ್ತನೆಗೆ ಮೊದಲು ಸೇರಿಸಬಹುದು. ಕಳಿಯದ ಸಗಣಿಯನ್ನು ಹಾಕಿದರೆ ಬೇರು ಸುಡುತ್ತದೆ ಮತ್ತು ಗೆದ್ದಲು ಹೆಚ್ಚುತ್ತದೆ.

ಬೆಂಡೆ ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, 45 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ 30 ಸೆಂಟಿಮೀಟರಿಗೊಂದರಂತೆ ಬಿತ್ತಲಾಗುತ್ತದೆ. ಬಳ್ಳಿ ತರಕಾರಿಗಳಿಗೆ ಸುಮಾರು 45 ಸೆಂಟಿಮೀಟರ್ ಉದ್ದ, ಅಗಲ ಮತ್ತು ಆಳದ ಗುಂಡಿ ತೋಡಿ, ಮಣ್ಣು ಮತ್ತು ಗೊಬ್ಬರ ತುಂಬಿ, 3–4 ಬೀಜ ಊರಿ, ಮೊಳೆತ ನಂತರ ಪುಷ್ಟವಾದ ಎರಡು ಸಸಿಗಳನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ.

ನೀರಿನ ನಿರ್ವಹಣೆ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದರ ಪ್ರಮಾಣ ಒಂದು ಲೀಟರ್. ಒಣ ಬಯಲುಸೀಮೆಯ ಕಡುಬೇಸಿಗೆಯಲ್ಲಿ ಹಸಿರು ಬೆಳೆ ಮತ್ತು ಮಣ್ಣಿನಿಂದ ದಿನಕ್ಕೆ ಸುಮಾರು 6ರಿಂದ 8 ಮಿಲಿಮೀಟರ್ ನೀರು ಆವಿಯಾಗುತ್ತದೆ. ಈ ಲೆಕ್ಕದಂತೆ 10 ಚದರ ಮೀಟರ್ ಕೈತೋಟಕ್ಕೆ ದಿನಕ್ಕೆ 60ರಿಂದ 80 ಲೀಟರ್, ಅಂದರೆ ಸುಮಾರು ನಾಲ್ಕೈದು ಬಿಂದಿಗೆ ನೀರು ಬೇಕಾಗುತ್ತದೆ. ಬೇಸಿಗೆಯಲ್ಲಿ ನೀರಿನ ಅಭಾವವಿರುವ ಮನೆಗಳಲ್ಲಿ ಕೈತೋಟದ ವಿಸ್ತಾರವನ್ನು ಜಾಗದ ಲಭ್ಯತೆಗಿಂತ ಈ ಲೆಕ್ಕವೇ ನಿರ್ಧರಿಸುತ್ತದೆ. ಸೊರಗಿದ ದೊಡ್ಡ ತೋಟಕ್ಕಿಂತ ಸಾಕಷ್ಟು ನೀರುಂಡ ಚಿಕ್ಕ ಮಡಿ ಹೆಚ್ಚು ಫಲ ಕೊಡುತ್ತದೆ.

ನೀರಿನ ವೆಚ್ಚವನ್ನು ತಗ್ಗಿಸಲು ಈ ಕ್ರಮಗಳು ಬಳಕೆಯಲ್ಲಿವೆ:

- ಹೊದಿಕೆ: ರಾಗಿ ಹುಲ್ಲು, ಭತ್ತದ ಹುಲ್ಲು, ಕಬ್ಬಿನ ರವದಿ, ತರಗೆಲೆ ಅಥವಾ ತೆಂಗಿನ ನಾರನ್ನು ಗಿಡಗಳ ಸುತ್ತ 5ರಿಂದ 8 ಸೆಂಟಿಮೀಟರ್ ದಪ್ಪವಾಗಿ ಹರಡುವುದು. ಇದು ಮಣ್ಣಿನ ತೇವವನ್ನು ಉಳಿಸಿ ಬೇರಿನ ವಲಯವನ್ನು ತಂಪಾಗಿಡುತ್ತದೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಬೇಕು.
- ಮಡಕೆ ನೀರಾವರಿ: ಸುಟ್ಟ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡುವುದು. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ನಿಧಾನವಾಗಿ ಜಿನುಗುತ್ತದೆ. ಬಳ್ಳಿ ತರಕಾರಿಗಳಿಗೆ ಇದು ಹೆಚ್ಚು ಸೂಕ್ತ.
- ಅಡುಗೆಮನೆಯ ನೀರು: ಅಕ್ಕಿ, ಬೇಳೆ ಮತ್ತು ತರಕಾರಿ ತೊಳೆದ ನೀರನ್ನು ನೇರವಾಗಿ ಬಳಸಬಹುದು. ಸಾಬೂನಿನ ನೀರಿನಲ್ಲಿರುವ ಲವಣಗಳು ಮಣ್ಣಿನಲ್ಲಿ ಸಂಗ್ರಹವಾಗುವುದರಿಂದ ಅದನ್ನು ಸೊಪ್ಪಿನ ಮಡಿಗೆ ಹಾಯಿಸುವುದು ಸೂಕ್ತವಲ್ಲ.

ಬೆಳಗಿನ ಜಾವ ನೀರು ಹಾಕುವುದು ಉತ್ತಮ. ದಿನವೂ ಮೇಲ್ಮೈಯನ್ನಷ್ಟೇ ತೋಯಿಸಿದರೆ ಬೇರುಗಳು ಮೇಲೆಯೇ ಉಳಿದು ಬೇಗ ಬಾಡುತ್ತವೆ. ಕುಂಬಳ, ಸೋರೆ ಮುಂತಾದ ಅಗಲ ಎಲೆಯ ಬಳ್ಳಿಗಳು ಮಧ್ಯಾಹ್ನ ಬಾಡಿದಂತೆ ಕಂಡು ಸಂಜೆಗೆ ಚೇತರಿಸಿಕೊಳ್ಳುವುದು ಸಹಜ. ಮುಂಜಾನೆಯೂ ಬಾಡಿಯೇ ಇದ್ದರೆ ನೀರಿನ ಕೊರತೆ ಅಥವಾ ಬೇರಿನ ರೋಗವಿದೆಯೆಂದು ತಿಳಿಯಬಹುದು. ಕೊಳವೆಬಾವಿಯ ನೀರು ಹಾಯಿಸಿದ ಮಡಿಯಲ್ಲಿ ಬಿಳಿಯ ಪೊರೆ ಕಾಣಿಸಿಕೊಂಡರೆ ಅದು ಲವಣ ಸಂಗ್ರಹದ ಸೂಚನೆ.

ನೆರಳು ಮತ್ತು ತಾರಸಿ ತೋಟ

ಸೊಪ್ಪು ಮತ್ತು ಎಳೆಯ ಸಸಿಗಳಿಗೆ ಶೇಕಡ 35ರಿಂದ 50ರಷ್ಟು ಬೆಳಕು ತಡೆಯುವ ನೆರಳು ಪರದೆ ಸಾಕಾಗುತ್ತದೆ. ಇನ್ನೂ ದಟ್ಟವಾದ ಪರದೆಯಡಿ ಗಿಡಗಳು ಸಪೂರವಾಗಿ ಉದ್ದಕ್ಕೆ ಬೆಳೆಯುತ್ತವೆ. ಹೀರೆ ಅಥವಾ ಹಾಗಲದ ಚಪ್ಪರದ ಕೆಳಗೆ ಸೊಪ್ಪಿನ ಮಡಿ ಮಾಡಿದರೆ ಪರದೆಯ ಖರ್ಚಿಲ್ಲದೆ ನೆರಳು ಸಿಗುತ್ತದೆ.

ತಾರಸಿಯಲ್ಲಿ ಕಾಂಕ್ರೀಟು ಹೀರಿಕೊಂಡ ಶಾಖ ರಾತ್ರಿಯೂ ಕುಂಡಗಳನ್ನು ಬಿಸಿಯಾಗಿಡುತ್ತದೆ. ಆದ್ದರಿಂದ ಕುಂಡಗಳನ್ನು ಇಟ್ಟಿಗೆ ಅಥವಾ ಮರದ ಹಲಗೆಯ ಮೇಲೆ, ಒಂದಕ್ಕೊಂದು ಹತ್ತಿರವಾಗಿ ಇಡಲಾಗುತ್ತದೆ. ಕಪ್ಪು ಚೀಲಗಳಿಗಿಂತ ತಿಳಿ ಬಣ್ಣದವು ಕಡಿಮೆ ಕಾಯುತ್ತವೆ.

ಪರಾಗಸ್ಪರ್ಶ

ಕುಂಬಳ, ಹೀರೆ, ಹಾಗಲ, ಸೋರೆ ಬಳ್ಳಿಗಳಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಬೇರೆ ಬೇರೆಯಾಗಿರುತ್ತವೆ. ಸಾಮಾನ್ಯವಾಗಿ ಮೊದಲು ಗಂಡು ಹೂಗಳೇ ಅರಳುತ್ತವೆ. ಹೆಚ್ಚಿನ ಉಷ್ಣತೆ ಮತ್ತು ದೀರ್ಘ ಹಗಲು ಗಂಡು ಹೂಗಳ ಪ್ರಮಾಣವನ್ನು ಹೆಚ್ಚಿಸುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿರುತ್ತದೆ. ಅದು ಹಳದಿಯಾಗಿ ಉದುರುತ್ತಿದ್ದರೆ ಪರಾಗಸ್ಪರ್ಶದ ಕೊರತೆ ಕಾರಣವಾಗಿರಬಹುದು. ಆಗ ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೃದುವಾಗಿ ಸವರಬೇಕು. ಕುಂಬಳ, ಸೌತೆ ಮತ್ತು ಹಾಗಲದ ಹೂಗಳು ಬೆಳಿಗ್ಗೆ, ಹೀರೆ ಮತ್ತು ಸೋರೆಯ ಹೂಗಳು ಸಂಜೆ ಅರಳುವುದರಿಂದ ಈ ಕೆಲಸದ ಹೊತ್ತು ಬೆಳೆಯಿಂದ ಬೆಳೆಗೆ ಬದಲಾಗುತ್ತದೆ.

ಕೀಟ ಮತ್ತು ರೋಗಗಳು

ಬೆಂಡೆಯ ಹಳದಿ ನರ ರೋಗವು ಬಿಳಿನೊಣದಿಂದ ಹರಡುವ ವೈರಸ್ ರೋಗವಾಗಿದೆ. ಎಲೆಯ ನರಗಳು ಹಳದಿಯಾದ ಗಿಡಕ್ಕೆ ಚಿಕಿತ್ಸೆಯಿಲ್ಲ. ಅದನ್ನು ಕಿತ್ತು ನಾಶಪಡಿಸಬೇಕು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಮತ್ತು ಅರ್ಕಾ ಅಭಯ್ ಈ ರೋಗವನ್ನು ತಡೆಯುವ ಗುಣಕ್ಕಾಗಿ ಬೆಳೆಸಿದ ತಳಿಗಳು.

ಒಣ ಸೆಖೆಯಲ್ಲಿ ಕೆಂಪು ನುಸಿ ಹೆಚ್ಚುತ್ತದೆ. ಎಲೆಯ ಕೆಳಭಾಗಕ್ಕೆ ಬೆಳಿಗ್ಗೆ ರಭಸವಾಗಿ ನೀರು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಹಣ್ಣಿನ ನೊಣವು ಬಳ್ಳಿ ತರಕಾರಿಗಳ ಎಳೆಗಾಯಿಯೊಳಗೆ ಮೊಟ್ಟೆಯಿಡುತ್ತದೆ. ಅದರ ಹುಳುಗಳು ಮಣ್ಣಿನಲ್ಲಿ ಕೋಶಾವಸ್ಥೆ ಕಳೆಯುವುದರಿಂದ, ಕೊಳೆತ ಕಾಯಿಗಳನ್ನು ಬಳ್ಳಿಯ ಬುಡದಲ್ಲಿ ಬಿಡದೆ ಆರಿಸಿ ನಾಶಪಡಿಸಬೇಕು. ಎಳೆಗಾಯಿಗಳಿಗೆ ಕಾಗದದ ಚೀಲ ಕಟ್ಟುವುದು ಮನೆಯ ಮಟ್ಟದಲ್ಲಿ ಪರಿಣಾಮಕಾರಿ ಕ್ರಮ.

ರಸ ಹೀರುವ ಕೀಟಗಳಿಗೆ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಅರೆದು ನೆನೆಸಿ ಸೋಸಿದ ಕಷಾಯವನ್ನು ಸಂಜೆ ಸಿಂಪಡಿಸಲಾಗುತ್ತದೆ. ಬೂದಿರೋಗಕ್ಕೆ ಬಳಸುವ ಗಂಧಕವು ಬಿರುಬಿಸಿಲಿನಲ್ಲಿ ಎಲೆಗಳನ್ನು ಸುಡುತ್ತದೆ, ವಿಶೇಷವಾಗಿ ಬಳ್ಳಿ ತರಕಾರಿಗಳಲ್ಲಿ. ಆದ್ದರಿಂದ ಕಡುಬೇಸಿಗೆಯಲ್ಲಿ ಅದರ ಬಳಕೆ ಸೂಕ್ತವಲ್ಲ.

ಕೊಯ್ಲು ಮತ್ತು ಸಂಗ್ರಹ

ಬೆಂಡೆಯನ್ನು ಎರಡು ದಿನಗಳಿಗೊಮ್ಮೆ ಕೊಯ್ಯದಿದ್ದರೆ ಕಾಯಿ ನಾರಾಗಿ ಹೊಸ ಹೂಗಳು ಕಡಿಮೆಯಾಗುತ್ತವೆ. ಕೊಯ್ಲಿಗೆ ಬೆಳಗಿನ ಹೊತ್ತು ಸೂಕ್ತ.

ಸೌತೆ, ಸೋರೆ ಮೊದಲಾದವುಗಳ ಕಹಿಗೆ ಕುಕರ್ಬಿಟಾಸಿನ್ ಎಂಬ ರಾಸಾಯನಿಕ ಕಾರಣ. ನೀರಿನ ಕೊರತೆ ಮತ್ತು ಅತಿಯಾದ ಸೆಖೆಯಿಂದ ಇದರ ಪ್ರಮಾಣ ಹೆಚ್ಚಬಹುದು. ಕಹಿಯಾದ ಸೋರೆಕಾಯಿಯನ್ನು, ಮುಖ್ಯವಾಗಿ ಅದರ ರಸವನ್ನು, ಸೇವಿಸಿದರೆ ತೀವ್ರ ವಾಂತಿ, ಭೇದಿ ಮತ್ತು ಜಠರದಲ್ಲಿ ರಕ್ತಸ್ರಾವ ಉಂಟಾಗಬಹುದು; ಭಾರತದಲ್ಲಿ ಸಾವುಗಳೂ ಸಂಭವಿಸಿವೆ. ಬೇಯಿಸಿದರೂ ಈ ವಿಷ ಹೋಗುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಬಳಸುವ ಮೊದಲು ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಕಾಯಿಯನ್ನು ಪೂರ್ತಿಯಾಗಿ ಎಸೆಯಬೇಕು.

ಬೇಸಿಗೆಯ ಕೆಲವು ಫಸಲುಗಳು ಮಳೆಗಾಲದ ಅಡುಗೆಗೂ ಒದಗುತ್ತವೆ. ಕರಾವಳಿಯಲ್ಲಿ ಬಲಿತ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿನ ಅಡಿಯಲ್ಲಿ ಗಾಳಿಯಾಡುವಂತೆ ತೂಗುಹಾಕುವುದು ಸಾಂಪ್ರದಾಯಿಕ ಕ್ರಮ. ಹೊಸ ತರಕಾರಿ ಬೆಳೆಯುವುದು ಕಷ್ಟವಾದ ಜಡಿಮಳೆಯ ತಿಂಗಳುಗಳಲ್ಲಿ ಇವು ಸಾಂಬಾರಿಗೆ ಬಳಕೆಯಾಗುತ್ತವೆ. ಪೂರ್ಣ ಬಲಿತ ಕುಂಬಳ ಮತ್ತು ಬೂದುಗುಂಬಳಗಳನ್ನು ತೊಟ್ಟು ಉಳಿಸಿ ಕೊಯ್ದು, ಸಿಪ್ಪೆಗೆ ಗಾಯವಾಗದಂತೆ ಒಣ ಜಾಗದಲ್ಲಿಟ್ಟರೆ ಅವೂ ಹಲವು ತಿಂಗಳು ಕೆಡದೆ ಉಳಿಯುತ್ತವೆ.