ವಾಟರ್ ಪಾರ್ಕ್‌ಗೆ ಹೊಂಟೀರಾ? ಅವ್ವ ನೀರಿಗಿಳಿತಾಳಾ, ಮೊದಲು ಅದನ್ನ ಕೇಳ್ರಿ

ಬೇಸಿಗೆ ಸೂಟಿ ಬಂದ್ರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮನೆಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಒಂದೇ ಚರ್ಚೆ: ಈ ಸಲ ಯಾವ ವಾಟರ್ ಪಾರ್ಕ್? ಒಬ್ಬರು ಹತ್ತಿರದ್ದೇ ಸಾಕು ಅಂತಾರೆ. ಇನ್ನೊಬ್ಬರು ಹುಬ್ಬಳ್ಳಿ ಕಡೆ, ಮತ್ತೊಬ್ಬರು ದಾವಣಗೆರೆ ಕಡೆ. ಕೊನೆಗೆ ರೀಲ್ಸ್‌ನಲ್ಲಿ ಯಾವ ಸ್ಲೈಡ್ ಎತ್ತರ ಕಾಣುತ್ತೋ ಅದೇ ಗೆಲ್ಲುತ್ತೆ. ಇವತ್ತಿನ ಎಪಿಸೋಡ್‌ನಲ್ಲಿ ನಾವು ಬೇರೆ ರೀತಿ ಆರಿಸೋಣ. ಕಾಮರ್ಸ್ ಓದಿದ ಮೇಲೆ ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ, ಹಂಗಾಗಿ ಲೆಕ್ಕದಿಂದಲೇ ಶುರು.

ಆರು ಜನರ ಮನೆ ಅಂತ ಇಟ್ಕೊಳ್ಳಿ: ಅಜ್ಜಿ, ಅಪ್ಪ, ಅವ್ವ, ನೀವು, ಅಕ್ಕ, ಅಕ್ಕನ ಐದು ವರ್ಷದ ಮಗ. ಅಂಕಿ ಎಲ್ಲಾ ನಾನು ಹಿಡಿದದ್ದು, ನಿಮ್ಮ ಅಂಕಿ ನೀವು ಹಾಕ್ಕೊಳ್ಳಿ. ದೂರದ ದೊಡ್ಡ ಪಾರ್ಕ್: ಟಿಕೆಟ್ ತಲಾ 700, ಒಟ್ಟು 4,200. ಗಾಡಿ 3,000, ಊಟ 1,200, ಬಟ್ಟೆ ಬಾಡಿಗೆ ಮತ್ತು ಲಾಕರ್ 600. ಒಟ್ಟು 9,000 ರೂಪಾಯಿ. ಹತ್ತಿರದ ಸಣ್ಣ ಪಾರ್ಕ್: ಟಿಕೆಟ್ ತಲಾ 400, ಒಟ್ಟು 2,400. ಗಾಡಿ 1,400, ಊಟ 1,200, ಉಳಿದದ್ದು 500. ಒಟ್ಟು 5,500.

ಇಲ್ಲಿಗೆ ಎಲ್ಲಾರೂ ಲೆಕ್ಕ ನಿಲ್ಲಿಸ್ತಾರೆ. ನಾವು ಇನ್ನೊಂದು ಸಾಲು ಸೇರಿಸೋಣ: ಎಷ್ಟು ಜನ, ಎಷ್ಟು ತಾಸು ನೀರಲ್ಲಿದ್ರು? ದೂರದ ಪಾರ್ಕ್‌ನಲ್ಲಿ ಸೀರೆಗೆ ಪರವಾನಗಿ ಇಲ್ಲ ಅಂತ ಅವ್ವ, ಅಜ್ಜಿ ಇಬ್ಬರೂ ಬ್ಯಾಗ್ ಕಾಯ್ಕೊಂಡು ಕೂತ್ರು. ನಾಲ್ಕು ಜನ ಇಳಿದ್ರು. ದಾರಿ, ಕ್ಯೂ ಕಳೆದು ತಲಾ ಮೂರು ತಾಸು ಸಿಕ್ತು. ಒಟ್ಟು 12 ತಾಸು, ಅಂದ್ರೆ ತಾಸಿಗೆ 750 ರೂಪಾಯಿ. ಹತ್ತಿರದ ಪಾರ್ಕ್‌ನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಕೊಳ ಇತ್ತು, ಅವ್ವನೂ ಇಳಿದಳು. ಐದು ಜನ, ತಲಾ ನಾಲ್ಕು ತಾಸು, ಒಟ್ಟು 20. ತಾಸಿಗೆ 275. ನಾಲ್ಕು ಮಂದಿ ಕಾಲೇಜ್ ಗೆಳೆಯರಾದ್ರೆ ಇದೇ ಲೆಕ್ಕ ಉಲ್ಟಾ ಆಗಬಹುದು, ದೊಡ್ಡ ಪಾರ್ಕೇ ಗೆಲ್ಲಬಹುದು. ಆದ್ರೆ ಮನೆ ಮಂದಿ ಜೊತೆ ಹೋಗೋವಾಗ ಪೂರ್ತಿ ಟಿಕೆಟ್ ಕೊಟ್ಟು ಅವ್ವನ್ನ ಬ್ಯಾಗ್ ಕಾಯೋಕೆ ಕೂರಿಸೋದು ನ್ಯಾಯಾನಾ, ಹೇಳ್ರಿ.

ಸೀರೆ ಯಾಕೆ ಬೇಡ ಅಂತಾರೆ ಗೊತ್ತಾ? ಸಡಿಲ ಬಟ್ಟೆ ಸ್ಲೈಡ್‌ನ ಜಾಯಿಂಟ್‌ಗೆ ಸಿಕ್ಕಿಕೊಳ್ಳಬಹುದು, ಹತ್ತಿಯ ಎಳೆ ಫಿಲ್ಟರ್‌ಗೆ ಹೋಗುತ್ತೆ. ನಿಯಮ ಸರಿಯೇ ಇದೆ. ಅದಕ್ಕೇ ಮೊದಲೇ ಫೋನ್ ಮಾಡಿ ಇಷ್ಟು ಕೇಳ್ರಿ: ಯಾವ ಬಟ್ಟೆ ನಡೆಯುತ್ತೆ? ನೀರಿಗಿಳಿಯದವರಿಗೆ ಕಡಿಮೆ ದರ ಇದೆಯಾ? ದೊಡ್ಡ ಸ್ಲೈಡ್‌ಗೆ ಮಗು ಎಷ್ಟು ಎತ್ತರ ಇರಬೇಕು? ಬುತ್ತಿ ಒಳಗೆ ಬಿಡ್ತೀರಾ? ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯಾ? ವಾಟರ್ ಪಾರ್ಕ್ ಟಿಕೆಟ್ ಮೇಲಿನ ತೆರಿಗೆ 2018ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು. ಸೇರಿಲ್ಲ ಅಂದ್ರೆ 700ರ ಟಿಕೆಟ್ ಕೌಂಟರ್‌ನಲ್ಲಿ 826 ಆಗುತ್ತೆ.

ಗಾಡಿ ಖರ್ಚು ಇಳಿಸಬೇಕಾ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ನಲ್ಲಿ ಅಜ್ಜಿ, ಅವ್ವ, ಅಕ್ಕ ಮೂವರಿಗೂ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಮಾತ್ರ ಮರೀಬೇಡಿ. ಅಜ್ಜಿಗೂ ಒಂದು ಖುಷಿ ಬೇಕಲ್ಲ? ಹುಬ್ಬಳ್ಳಿ ಕಡೆ ಹೋದ್ರೆ ದಾರಿಯಲ್ಲಿ ಬಂಕಾಪುರ ಕೋಟೆಯ ನಗರೇಶ್ವರ ಗುಡಿ, ನವಿಲುಧಾಮ, ಮುಂದೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಸಿಗುತ್ತೆ. ದಾವಣಗೆರೆ ಕಡೆ ಹೋದ್ರೆ ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನ.

ಈಗ ಮುಖ್ಯ ಮಾತು. ಮೇಲಿನ ಲೆಕ್ಕದಲ್ಲಿ ಗೆದ್ದ ಪಾರ್ಕ್ ಕೂಡ ಗೇಟ್ ದಾಟಿದ ಮೇಲೆ ಸೋಲಬಹುದು. ನೀರಿನ ಹತ್ತಿರ ನಿಂತು ನೋಡ್ರಿ: ಕೊಳದ ತಳ ಸ್ಪಷ್ಟ ಕಾಣ್ತಾ ಇದೆಯಾ? ಮಬ್ಬು ನೀರಲ್ಲಿ ಮುಳುಗಿದವರು ಕಾಣಲ್ಲ. ಮೂಗಿಗೆ ಹೊಡೆಯೋ ಕ್ಲೋರಿನ್ ವಾಸನೆ ಬಂದ್ರೆ ನೀರು ಶುದ್ಧ ಅಂತ ತಿಳ್ಕೋಬೇಡಿ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗಲೇ ಆ ಘಾಟು ಹೆಚ್ಚು. ಮನೆಯಲ್ಲಿ ಯಾರಿಗಾದ್ರೂ ಭೇದಿ ಇದ್ರೆ ಅವರು ಅವತ್ತು ಇಳಿಯಬಾರದು. ಕ್ಲೋರಿನ್‌ಗೂ ಬೇಗ ಸಾಯದ ರೋಗಾಣುಗಳಿವೆ. ಇನ್ನು ಲೈಫ್‌ಗಾರ್ಡ್: ಎಲ್ಲಿದ್ದಾನೆ, ನೀರು ನೋಡ್ತಿದ್ದಾನಾ, ಮೊಬೈಲ್ ನೋಡ್ತಿದ್ದಾನಾ? ಲೈಫ್‌ಗಾರ್ಡ್ ಇಲ್ಲ ಅಂದ್ರೆ ತಾಸಿಗೆ 275 ಅಲ್ಲ, ಪುಕ್ಕಟೆ ಆದ್ರೂ ಬೇಡ.

ಲೈಫ್‌ಗಾರ್ಡ್ ಇದ್ರೂ ಮಗು ನಿಮ್ಮ ಕೈಗೆ ಎಟಕುವಷ್ಟು ಹತ್ತಿರ ಇರಬೇಕು. ಸಿನಿಮಾದಲ್ಲಿ ತೋರಿಸೋ ಹಂಗೆ ಮುಳುಗೋ ಮಗು ಕೂಗಲ್ಲ, ಕೈ ಬೀಸಲ್ಲ. ಉಸಿರಿಗೇ ಒದ್ದಾಡುವಾಗ ದನಿ ಹೊರಡೋದಿಲ್ಲ. ಒಬ್ಬರು ಅರ್ಧ ತಾಸು ಮಗುವನ್ನ ಮಾತ್ರ ನೋಡ್ಲಿ, ಫೋನ್ ಲಾಕರ್‌ನಲ್ಲಿರಲಿ. ಆಮೇಲೆ ಪಾಳಿ ಬದಲಿಸಿ.

ಒಟ್ಟು ಖರ್ಚು ನೋಡಿ "ಹೊಳೆಗೇ ಹೋಗೋಣ ಬಿಡು" ಅನ್ನೋರೂ ಇದ್ದಾರೆ. ತುಂಗಭದ್ರಾ, ವರದಾ ಎರಡೂ ನಮ್ಮವೇ. ಆದ್ರೆ ಮರಳು ತೆಗೆದ ಗುಂಡಿ ಮೇಲಿಂದ ಕಾಣಲ್ಲ. ಮೊಣಕಾಲು ನೀರು ಅಂದುಕೊಂಡ ಜಾಗದಲ್ಲಿ ಮುಂದಿನ ಹೆಜ್ಜೆಗೇ ತಲೆ ಮುಳುಗಬಹುದು. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲು ಜಾರಿದ್ರೆ ಈಜು ಬಂದವರಿಗೂ ಹತ್ತಿ ಬರೋದು ಕಷ್ಟ. ದುಡ್ಡು ಸಾಲದಿದ್ರೆ ಈ ತಿಂಗಳು ಬಿಡಿ, ಮುಂದಿನ ತಿಂಗಳು ಹೋಗಿ. ರಜೆ ಇದ್ರೆ ಭಾನುವಾರ ಬಿಟ್ಟು ವಾರದ ದಿನ ಹೋಗಿ, ಜನ ಕಡಿಮೆ ಇರ್ತಾರೆ.

ಇವತ್ತೇ ಮನೆ ಗ್ರೂಪ್‌ನಲ್ಲಿ ಒಂದು ಪ್ರಶ್ನೆ ಹಾಕಿ: ಯಾರ್‍ಯಾರು ನೀರಿಗಿಳಿತೀರಿ? ಉತ್ತರ ಬಂದ ಮೇಲೆ ಪಾರ್ಕ್ ಆರಿಸಿ. ಮುಂದಿನ ವಾರ ಮತ್ತೆ ಸಿಗೋಣ, ಬರ್ಲಾ ರೀ.