ಉಪ್ಪಾಗೆ: ಸಾರಿನ ಹುಳಿ ಮಾತ್ರೆಯಾದಾಗ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಾಡಂಚಿನ ಊರುಗಳಲ್ಲಿ ಉಪ್ಪಾಗೆ ಸಿಪ್ಪೆ ಒಣಗಿಸುವ ಹೊಗೆ ಏಳುತ್ತದೆ. ಬಿಸಿಲು ಕಾಣದ ಆ ದಿನಗಳಲ್ಲಿ ಬೆಂಕಿಯ ಕಾವಿನಲ್ಲಿಯೇ ಒಣಗಬೇಕಾದ ಈ ಸಿಪ್ಪೆ ಕೇರಳದಲ್ಲಿ ಮೀನುಸಾರಿಗೆ ಹಾಕುವ ಕುಡಂಪುಳಿ. ಕೊಡಗಿನಲ್ಲಿ ಹಣ್ಣಿನ ರಸವನ್ನು ಕಾಯಿಸಿ ಬತ್ತಿಸಿದರೆ ಅದೇ ಕಾಚಂಪುಳಿ. ಅದಿಲ್ಲದೆ ಪಂದಿಕರಿ ಇಲ್ಲ. ಇದೇ ಸಿಪ್ಪೆಯ ಸಾರ ಈಗ 'ಗಾರ್ಸೀನಿಯಾ ಕ್ಯಾಂಬೋಜಿಯಾ' ಎಂಬ ಹೆಸರಿನಲ್ಲಿ ಬೊಜ್ಜು ಕರಗಿಸುವ ಮಾತ್ರೆಯಾಗಿ ಮಾರಾಟವಾಗುತ್ತಿದೆ. ನಿಸರ್ಗದತ್ತವಾದುದು, ಅಡ್ಡಪರಿಣಾಮವಿಲ್ಲ ಎಂಬುದು ಮಾರುವವರ ಭರವಸೆ. ಈ ಮಾತನ್ನು ಪರಿಶೀಲಿಸದೆ ನಂಬುವಂತಿಲ್ಲ.

ಈ ಕಥೆಯ ಆರಂಭ ಮೈಸೂರಿನಲ್ಲಿದೆ. ಉಪ್ಪಾಗೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು 1965ರಲ್ಲಿ ಪ್ರಕಟಿಸಿದವರು ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳಾದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ನಾಲ್ಕು ವರ್ಷಗಳ ಬಳಿಕ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಸಂಶೋಧಕರು ಈ ಆಮ್ಲದ ವಿಶೇಷ ಗುಣವೊಂದನ್ನು ಗುರುತಿಸಿದರು. ನಾವು ತಿಂದ ಅನ್ನ, ಸಕ್ಕರೆ ಅಗತ್ಯಕ್ಕಿಂತ ಹೆಚ್ಚಾದಾಗ ಯಕೃತ್ತು ಅದರ ಒಂದು ಭಾಗವನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ಆ ಹಾದಿಯಲ್ಲಿ ಸಿಟ್ರೇಟನ್ನು ಸೀಳುವ ಕಿಣ್ವವೊಂದಿದೆ. ಉಪ್ಪಾಗೆಯ ಆಮ್ಲ ಸಿಟ್ರೇಟನ್ನೇ ಹೋಲುವುದರಿಂದ ಅದರ ಜಾಗವನ್ನು ಆಕ್ರಮಿಸಿ ಕಿಣ್ವದ ಕೆಲಸಕ್ಕೆ ತಡೆಯೊಡ್ಡುತ್ತದೆ. ಇಲಿಗಳಲ್ಲಿ ಕೊಬ್ಬಿನ ಉತ್ಪಾದನೆ ತಗ್ಗಿತು. ವ್ಯಾಪಾರಕ್ಕೆ ಇಷ್ಟು ಸಾಕಾಯಿತು.

ಮನುಷ್ಯರಲ್ಲಿ ಆದದ್ದೇ ಬೇರೆ. ನ್ಯೂಯಾರ್ಕಿನಲ್ಲಿ 135 ಮಂದಿ ಸ್ಥೂಲಕಾಯರ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್ಲರಿಗೂ ಕಡಿಮೆ ಕ್ಯಾಲೊರಿಯ ಆಹಾರ ನೀಡಲಾಯಿತು. ಅರ್ಧದಷ್ಟು ಮಂದಿಗೆ ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಹುಸಿಮಾತ್ರೆ. 12 ವಾರಗಳ ನಂತರ ಆಮ್ಲ ಸೇವಿಸಿದವರು ಸರಾಸರಿ 3.2 ಕೆ.ಜಿ. ಇಳಿದಿದ್ದರು, ಹುಸಿಮಾತ್ರೆ ನುಂಗಿದವರು 4.1 ಕೆ.ಜಿ.! ಈ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ. ಆದರೆ ಮಾತ್ರೆಯಿಂದ ಲಾಭವಾಗಲಿಲ್ಲ ಎಂಬುದಂತೂ ಸ್ಪಷ್ಟ. ಸಾಮಾನ್ಯ ಊಟದಲ್ಲಿ ಮೈಗೆ ಸೇರುವ ಕೊಬ್ಬಿನ ಬಹುಪಾಲು ಬರುವುದು ಎಣ್ಣೆ, ಬೆಣ್ಣೆ, ಮಾಂಸದಿಂದ. ಅದಕ್ಕೆ ಈ ಕಿಣ್ವದ ಹಂಗಿಲ್ಲ.

ಲಾಭವಿಲ್ಲದಿದ್ದರೆ ಹಣವಷ್ಟೇ ಪೋಲು ಎಂದುಕೊಳ್ಳಬಹುದಿತ್ತು. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 'ಹೈಡ್ರಾಕ್ಸಿಕಟ್' ಎಂಬ ಉತ್ಪನ್ನದ ಬಗ್ಗೆ ಎಚ್ಚರಿಕೆ ನೀಡಿತು. ಅದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ 23 ವರದಿಗಳು ಬಂದಿದ್ದವು, ಒಬ್ಬರು ಮೃತಪಟ್ಟಿದ್ದರು. ಅದರ ಹಲವು ಮಾದರಿಗಳಲ್ಲಿ ಉಪ್ಪಾಗೆ ಸಾರವಿದ್ದರೂ ಬೇರೆ ಪದಾರ್ಥಗಳೂ ಬೆರೆತಿದ್ದುದರಿಂದ ಆಗ ಬೊಟ್ಟು ಮಾಡಿ ತೋರಿಸಲಾಗಲಿಲ್ಲ. ಮುಂದೆ ಉಪ್ಪಾಗೆ ಸಾರವನ್ನಷ್ಟೇ ಸೇವಿಸಿದವರಲ್ಲಿಯೂ ಕಾಮಾಲೆ ಕಂಡುಬಂತು. ನಿರ್ದಿಷ್ಟ ವಂಶವಾಹಿ ರೂಪವೊಂದನ್ನು ಪಡೆದವರಿಗೆ ಅಪಾಯ ಹೆಚ್ಚೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಸೂಚಿಸಿತು. ಅದು ತಮ್ಮಲ್ಲಿದೆಯೇ ಎಂದು ಪರೀಕ್ಷಿಸಿಕೊಂಡು ಮಾತ್ರೆ ಕೊಳ್ಳುವವರು ಯಾರಿದ್ದಾರೆ? 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಈ ಸಾರವುಳ್ಳ ಪೂರಕಗಳನ್ನು ಸೇವಿಸಬಾರದೆಂದು ಸಲಹೆ ನೀಡಿತು.

ಹಾಗೆಂದು ಸಾರಿನ ಹುಳಿಗೆ ಹೆದರಬೇಕಾಗಿಲ್ಲ. ಈ ಎಚ್ಚರಿಕೆಗಳೆಲ್ಲ ಇರುವುದು ಸಾಂದ್ರಗೊಳಿಸಿದ ಸಾರವನ್ನು ದಿನವೂ, ವಾರಗಟ್ಟಲೆ ನುಂಗುವವರಿಗೆ. ಅಡುಗೆಯಲ್ಲಿ ಒಂದೆರಡು ಚೂರು ಸಿಪ್ಪೆ ಇಡೀ ಪಾತ್ರೆಗೆ ಸಾಕು. ಹುಳಿ ಹೆಚ್ಚಾದರೆ ನಾಲಿಗೆಯೇ ತಡೆಯುತ್ತದೆ. ಕ್ಯಾಪ್ಸೂಲಿಗೆ ಆ ಕಾವಲಿಲ್ಲ.

ಕುತೂಹಲದ ಸಂಗತಿಯೆಂದರೆ, ಅದೇ ಕಿಣ್ವವನ್ನು ತಡೆಯುವ ಬೆಂಪೆಡೊಯಿಕ್ ಆಮ್ಲ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಪ್ರಯೋಗಶಾಲೆಯ ಸೃಷ್ಟಿ, ಉಪ್ಪಾಗೆಯದಲ್ಲ. ಅದನ್ನು ಕೊಡುವುದೂ ಕೊಲೆಸ್ಟ್ರಾಲ್ ತಗ್ಗಿಸಲು, ತೂಕ ಇಳಿಸಲು ಅಲ್ಲ.

ಈಗಾಗಲೇ ಉಪ್ಪಾಗೆ ಮಾತ್ರೆ ಸೇವಿಸುತ್ತಿರುವವರಿಗೆ ವಿಪರೀತ ಸುಸ್ತು, ವಾಕರಿಕೆ, ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು, ಗಾಢ ಬಣ್ಣದ ಮೂತ್ರ ಅಥವಾ ಕಣ್ಣು ಹಳದಿಯಾಗುವುದು ಕಂಡುಬಂದರೆ ಕೂಡಲೇ ಮಾತ್ರೆ ನಿಲ್ಲಿಸಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು. ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ವೈದ್ಯರು ಕೇಳಿದಾಗ, ಇದು ಔಷಧವಲ್ಲವೆಂದು ಭಾವಿಸಿ ಹೇಳದೆ ಉಳಿಯುವವರೇ ಹೆಚ್ಚು. ಮಾತ್ರೆಯ ಡಬ್ಬಿಯನ್ನೇ ಜೊತೆಗೆ ಒಯ್ಯುವುದು ಲೇಸು.