ಕಾಲೇಜು ಆಟಗಾರ್ತಿಯ ಆಯುಷ್ಯ

ಸಾಫ್ಟ್‌ಬಾಲ್ ಎಂಬ ಆಟವೊಂದಿದೆ ಎಂದರೆ ನಮ್ಮ ಹಾಸನ ಸೀಮೆಯ ಹಿರಿಯರು ಬಹುಮಂದಿ, ಅದು ಕ್ರಿಕೆಟ್ಟಿನ ತಂಗಿಯೇ ಎಂದು ಕೇಳುತ್ತಾರೆ. ತಂಗಿಯಲ್ಲ, ದೂರದ ದಾಯಾದಿ. ಆದರೆ ಹೀಗೆ ಕೇಳುವವರ ಮನೆಯ ಹೆಣ್ಣುಮಕ್ಕಳೇ ಕಾಲೇಜಿನಲ್ಲಿ ಅದನ್ನು ಆಡುತ್ತಿರುವುದೂ ಉಂಟು. ಬೂವನಹಳ್ಳಿಯನ್ನು ಈಗ ಎಲ್ಲರೂ ವಿಮಾನ ನಿಲ್ದಾಣದ ಹೆಸರಿನಿಂದ ಗುರುತಿಸುತ್ತಾರೆ. ಆ ಊರಿನಿಂದ, ಅದರ ಆಸುಪಾಸಿನ ಹಳ್ಳಿಗಳಿಂದ ಹಾಸನದ ಕಾಲೇಜುಗಳಿಗೆ ಹೋಗುವ ಹುಡುಗಿಯರು ಹೋಗುವುದು ಮಾತ್ರ ಬಸ್ಸಿನಲ್ಲಿಯೇ. ಸಂಜೆ ಮೈದಾನದಲ್ಲಿ ಒಂದು ಗಂಟೆ ಹೆಚ್ಚು ನಿಂತರೆ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದರೆ ಮನೆಯಲ್ಲಿ ಮಾತು ಬರುತ್ತದೆ. ಅಂಥ ಹುಡುಗಿಯೊಬ್ಬಳ ಆಟದ ಬದುಕು ಎಷ್ಟು ಕಾಲದ್ದು, ಅದು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ವಿವರಿಸುವುದು ಇಂದಿನ ನನ್ನ ಉದ್ದೇಶ. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಆಟಗಾರನಲ್ಲ. ಆದರೆ ಮೂವತ್ತು ವರ್ಷಗಳ ಹಾಜರಿ ಪುಸ್ತಕ ಬರೆದವನಿಗೆ ಆಟಗಾರ್ತಿಯರ ಪರಿಚಯ ಆಗದೆ ಇರುವುದಿಲ್ಲ.

ಮೊದಲು ಆಟದ ಸಂಗತಿ. ಇದರ ಹೆಸರನ್ನು ಅಕ್ಷರಶಃ ಕನ್ನಡಕ್ಕೆ ತಂದು 'ಮೆದುಚೆಂಡು' ಎಂದರೆ ಭಾಷಾಂತರ ಸರಿ, ಅರ್ಥ ತಪ್ಪು. ಇಂದಿನ ಸಾಫ್ಟ್‌ಬಾಲ್ ಸುತ್ತಳತೆಯಲ್ಲಿ 12 ಅಂಗುಲ, ತೂಕದಲ್ಲಿ ಸುಮಾರು 180ರಿಂದ 200 ಗ್ರಾಂ. ಮಹಿಳಾ ಕ್ರಿಕೆಟ್ಟಿನ ಚೆಂಡಾದರೋ 140ರಿಂದ 151 ಗ್ರಾಂ ಮಾತ್ರ. ಎಂದಮೇಲೆ ಮೆದುವೆಂಬ ಹೆಸರಿನ ಚೆಂಡೇ ಹೆಚ್ಚು ಭಾರದ್ದು, ಮೈಗೆ ತಗಲಿದರೆ ಹೆಸರಿನ ಸುಳ್ಳು ತಾನಾಗಿ ತಿಳಿಯುತ್ತದೆ. 1887ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ, ಚಳಿಗಾಲಕ್ಕೆಂದು ಬೇಸ್‌ಬಾಲನ್ನು ಚಾವಣಿಯ ಕೆಳಗೆ ಆಡತೊಡಗಿದಾಗ ಹುಟ್ಟಿದ ಆಟವಿದು. ಆಗಿನ ಚೆಂಡು ನಿಜವಾಗಿಯೂ ಮೆತ್ತಗಿತ್ತು. ಚೆಂಡು ಗಟ್ಟಿಯಾದರೂ ಹೆಸರು ಉಳಿಯಿತು. ಇಂಥ ಪದಗಳು ನಮ್ಮ ಭಾಷೆಯಲ್ಲಿಯೂ ಬೇಕಾದಷ್ಟಿವೆ.

ಅಂಗಣದಲ್ಲಿ ನಾಲ್ಕು ನೆಲೆಗಳು, ಒಂದರಿಂದ ಇನ್ನೊಂದಕ್ಕೆ 60 ಅಡಿ. ಚೆಂಡನ್ನು ಎಸೆಯುವವಳು ತೋಳನ್ನು ಗಾಳಿಯಂತ್ರದ ಹಾಗೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಬಳಿಯಿಂದ ಕೆಳಗೈಯಲ್ಲಿ ಬಿಡುತ್ತಾಳೆ. ಕೆಳಗೈ ಎಂದೊಡನೆ ಮಕ್ಕಳಾಟ ಎನಿಸಬಹುದು. ಕ್ರಿಕೆಟ್ಟಿನ ಪಿಚ್ಚು 66 ಅಡಿಯಾದರೆ ಇಲ್ಲಿ ಎಸೆಗಾರ್ತಿಗೂ ಹೊಡೆಯುವವಳಿಗೂ ನಡುವಣ ಅಂತರ 43 ಅಡಿ. ಒಳ್ಳೆಯ ಎಸೆಗಾರ್ತಿಯರ ಚೆಂಡು ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಅದೂ ನೆಲಕ್ಕೆ ತಾಗದೆ, ಅರ್ಧ ಸೆಕೆಂಡಿನೊಳಗೆ ಬಂದು ಮುಟ್ಟುತ್ತದೆ. ಕಣ್ಣು ಕಂಡದ್ದನ್ನು ಬುದ್ಧಿ ಯೋಚಿಸುವುದಕ್ಕೆ ಅಲ್ಲಿ ವ್ಯವಧಾನವಿಲ್ಲ. ಅಭ್ಯಾಸವೇ ಬುದ್ಧಿಯ ಕೆಲಸ ಮಾಡಬೇಕು. ಅಭ್ಯಾಸಕ್ಕೆ ಸಂಜೆಗಳು ಬೇಕು. ಸಂಜೆಗೆ ಬಸ್ಸಿನ ಕಥೆ ಮೊದಲೇ ಹೇಳಿದೆ.

ಈ ಆಟದ ತವರಿನಲ್ಲಿ ಕಾಲೇಜು ಆಟಗಾರ್ತಿಯ ಬದುಕು ಹೇಗಿದೆಯೆಂದು ನೋಡಬೇಕು. ಅಲ್ಲಿ 1972ರಲ್ಲಿ ಬಂದ ಕಾನೂನೊಂದು, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಗಂಡು ಹೆಣ್ಣೆಂದು ಭೇದ ಮಾಡಕೂಡದು ಎಂದಿತು. ಆಟದ ಮೈದಾನಕ್ಕೂ ಅದು ಅನ್ವಯಿಸಿದ್ದರಿಂದ ಹುಡುಗಿಯರಿಗೆ ತಂಡಗಳು, ತರಬೇತುದಾರರು, ವಿದ್ಯಾರ್ಥಿವೇತನಗಳು ದೊರೆತವು. ಆದರೂ ಅಲ್ಲಿನ ಕಾಲೇಜು ಆಟದ ಆಯುಷ್ಯ ನಾಲ್ಕೇ ಋತು. ಆಮೇಲೆ ಆಡಿ ಬದುಕುವ ಅವಕಾಶ ಬೆರಳೆಣಿಕೆಯವರಿಗೆ. ಡಾಟ್ ರಿಚರ್ಡ್‌ಸನ್ ಎಂಬಾಕೆಯ ಉದಾಹರಣೆ ನನಗೆ ಬಹಳ ಮೆಚ್ಚಿಗೆಯದು. ಆಕೆ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾನಿಲಯದ ತಂಡದಲ್ಲಿ ಹೆಸರು ಮಾಡಿ, ಅನಂತರ ವೈದ್ಯಕೀಯ ಓದಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಮೊದಲ ಬಾರಿ ಸೇರಿದಾಗ, ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಗೆ ರಜೆ ಹಾಕಿ ಬಂದು ಆಡಿದರು. ಚೀನಾದ ವಿರುದ್ಧ ನಡೆದ ಅಂತಿಮ ಪಂದ್ಯದಲ್ಲಿ ಗೆಲುವಿನ ಹೊಡೆತ ಆಕೆಯದೇ. ಆಟ ಓದನ್ನು ಕೆಡಿಸುತ್ತದೆ ಎನ್ನುವ ತಂದೆತಾಯಿಗಳಿಗೆ ನಾನು ಈ ಡಾಕ್ಟರಮ್ಮನ ಹೆಸರನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ನಮ್ಮಲ್ಲಿ ಈ ಆಟಕ್ಕೆ ಅಖಿಲ ಭಾರತ ಮಟ್ಟದ ಸಂಸ್ಥೆಯೊಂದು ಏರ್ಪಟ್ಟದ್ದು 1961ರಲ್ಲಿ. ನಮ್ಮ ಹುಡುಗಿಯ ಹಾದಿ ಹೀಗೆ: ಮೊದಲ ವರ್ಷ ಕಾಲೇಜು ತಂಡ, ಅಂತರ ಕಾಲೇಜು ಪಂದ್ಯದಲ್ಲಿ ಕಣ್ಣಿಗೆ ಬಿದ್ದರೆ ವಿಶ್ವವಿದ್ಯಾನಿಲಯದ ತಂಡ, ಅಲ್ಲಿಂದ ಅಂತರ ವಿಶ್ವವಿದ್ಯಾನಿಲಯ ಪಂದ್ಯ, ಅದೃಷ್ಟವಿದ್ದರೆ ರಾಜ್ಯ ತಂಡ. ಇಷ್ಟಕ್ಕೂ ಕಾಲ ಪದವಿಯ ಮೂರು ವರ್ಷ. ಆಟ ಕೈಗೆ ಹತ್ತುವ ಹೊತ್ತಿಗೆ ಬೀಳ್ಕೊಡುಗೆ ಸಮಾರಂಭ. ನಾನಿದ್ದ ಒಂದು ಕಾಲೇಜಿನಲ್ಲಿ, ಉತ್ತರ ಭಾರತಕ್ಕೆ ಪಂದ್ಯವಾಡಲು ಹೋಗಿಬಂದ ಹುಡುಗಿಯೊಬ್ಬಳ ಹಾಜರಿ ಸಾಲದಾಗಿ, ಪರೀಕ್ಷೆಗೆ ಬಿಡಬೇಕೇ ಬೇಡವೇ ಎಂದು ಅಧ್ಯಾಪಕರ ಸಭೆಯಲ್ಲಿ ಒಂದೂವರೆ ಗಂಟೆ ಚರ್ಚೆಯಾಯಿತು. "ಚೆಂಡು ಹಿಡಿದರೆ ಹಳಗನ್ನಡ ಬಂದೀತೇನ್ರೀ?" ಎಂದರು ಒಬ್ಬರು. ಹಳಗನ್ನಡ ಪಾಠ ಮಾಡುತ್ತಿದ್ದವನು ನಾನು. ಅವಳಿಗೆ ಬರುತ್ತದೆ, ತರಗತಿಯಲ್ಲೇ ಕೂತಿರುವ ಅನೇಕರಿಗೆ ಬರುವುದಿಲ್ಲ ಎಂದೆ. ಅವಳು ಪರೀಕ್ಷೆಗೆ ಕೂತಳು, ತೇರ್ಗಡೆಯೂ ಆದಳು. ಆದರೆ ಮರುವರ್ಷ ಆಡಲಿಲ್ಲ. ಮನೆಯವರು ಮದುವೆ ಗೊತ್ತುಮಾಡಿದ್ದರು.

ಕರ್ನಾಟಕದಲ್ಲಿ ಈ ಆಟದಿಂದ ಹೊರಟು ದೂರ ಸಾಗಿದವರ ಹೆಸರು ಕೇಳಿದರೆ ನಾನು ಹೇಳುವುದು ಶಾಂತಾ ರಂಗಸ್ವಾಮಿಯವರದು. 1954ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಅವರು ಸಾಫ್ಟ್‌ಬಾಲ್ ಆಡಿ ಬಂದವರು. ಅವರು ಕಾಲೇಜು ವಯಸ್ಸಿನಲ್ಲಿದ್ದಾಗ ಹೆಣ್ಣುಮಕ್ಕಳಿಗೆ ಕ್ರಿಕೆಟ್ಟೆಂಬುದು ವ್ಯವಸ್ಥಿತವಾಗಿ ಇರಲೇ ಇಲ್ಲ. ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದೇ 1973ರಲ್ಲಿ. ಹೊಸ ಆಟಕ್ಕೆ ಆಟಗಾರ್ತಿಯರು ಎಲ್ಲಿಂದ ಬರಬೇಕು? ಬೇರೆ ಆಟಗಳಲ್ಲಿ ಕಣ್ಣು, ಕೈ, ಕಾಲು ಪಳಗಿದವರೇ ಬರಬೇಕು. ಡಯಾನಾ ಎಡುಲ್ಜಿ ಬ್ಯಾಸ್ಕೆಟ್‌ಬಾಲ್, ಟೇಬಲ್ ಟೆನಿಸ್ ಆಡಿ ಬಂದರು. ಸಾಫ್ಟ್‌ಬಾಲ್ ಆಡಿದವರಿಗಂತೂ ದಾಂಡು ಬೀಸುವುದು, ದೂರದಿಂದ ಗುರಿಯಿಟ್ಟು ಎಸೆಯುವುದು, ಎತ್ತರದ ಚೆಂಡಿನ ಕೆಳಗೆ ನಿಲ್ಲುವುದು ಹೊಸತಾಗಿ ಕಲಿಯಬೇಕಾದವಲ್ಲ. ಚೆಂಡು ನೆಲಕ್ಕೆ ಬಿದ್ದು ಪುಟಿಯುತ್ತದೆ ಎಂಬುದೊಂದನ್ನೇ ಅವರು ಹೊಸದಾಗಿ ಅಭ್ಯಾಸ ಮಾಡಿಕೊಳ್ಳಬೇಕಾಗಿತ್ತು ಎಂದು ನನ್ನ ಊಹೆ.

1976ರಲ್ಲಿ ವೆಸ್ಟ್ ಇಂಡೀಸ್ ಮಹಿಳೆಯರು ಬಂದಾಗ ಬೆಂಗಳೂರಿನಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟ್ ನಡೆಯಿತು. ನಾಯಕಿ ಶಾಂತಾ, ವಯಸ್ಸು 22. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಅವರು ಹೊಡೆದ 108 ಭಾರತೀಯ ಮಹಿಳೆಯೊಬ್ಬಳ ಮೊದಲ ಟೆಸ್ಟ್ ಶತಕ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಅವರೇ. 1991ರವರೆಗೆ 16 ಟೆಸ್ಟ್ ಆಡಿದರು. ಹದಿನೈದು ವರ್ಷಕ್ಕೆ ಹದಿನಾರು ಟೆಸ್ಟ್! ಉಳಿದ ದಿನಗಳಲ್ಲಿ ಅನ್ನ ಕೊಟ್ಟದ್ದು ಕೆನರಾ ಬ್ಯಾಂಕಿನ ನೌಕರಿ. ಆ ಕಾಲದ ಆಟಗಾರ್ತಿಯರು ಮುಂಗಡ ಕಾದಿರಿಸದ ರೈಲು ಡಬ್ಬಿಗಳಲ್ಲಿ ಪಯಣಿಸಿ, ಶಾಲಾಕೊಠಡಿಗಳ ನೆಲದ ಮೇಲೆ ಮಲಗಿ ಆಡಿದರು. 2017ರಲ್ಲಿ ಕ್ರಿಕೆಟ್ ಮಂಡಲಿಯ ಜೀವಮಾನ ಸಾಧನೆಯ ಪ್ರಶಸ್ತಿ ಶಾಂತಾ ಅವರಿಗೆ ಬಂತು. ಅದನ್ನು ಪಡೆದ ಮೊದಲ ಮಹಿಳೆ ಅವರು. ಅಷ್ಟು ಹೊತ್ತಿಗೆ ಅವರು ಆಟ ಬಿಟ್ಟು ಇಪ್ಪತ್ತೈದು ವರ್ಷ ಕಳೆದಿತ್ತು.

ಈಗ ಕ್ರಿಕೆಟ್ಟಿನ ಸ್ಥಿತಿ ಬೇರೆ. ನಮ್ಮ ಅರಸೀಕೆರೆಯ ನೆರೆಯ ಕಡೂರಿನಿಂದ ಹೊರಟ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಿದರು. 2023ರಿಂದ ಮಹಿಳೆಯರಿಗೂ ಹಣದ ಲೀಗ್ ಬಂದಿದೆ. 2025ರ ನವೆಂಬರಿನಲ್ಲಿ ಭಾರತ ವಿಶ್ವಕಪ್ಪನ್ನೇ ಗೆದ್ದಿತು. ಸಾಫ್ಟ್‌ಬಾಲಿಗೆ ಇದಾವುದೂ ಇಲ್ಲ. ಒಲಿಂಪಿಕ್ಸ್‌ನಲ್ಲಿಯೂ ಅದರ ಪಾಡು ಬಾಡಿಗೆ ಮನೆಯವರ ಪಾಡು: 2008ರ ಬಳಿಕ ಹೊರಗೆ, 2021ರಲ್ಲಿ ಟೋಕಿಯೋದಲ್ಲಿ ಒಳಗೆ, 2024ರಲ್ಲಿ ಮತ್ತೆ ಹೊರಗೆ, 2028ಕ್ಕೆ ಮರಳಿ ಕರೆ.

ಹಾಗಾದರೆ ಬೂವನಹಳ್ಳಿ ಕಡೆಯ ಹುಡುಗಿ ಯಾವ ಆಸೆಯಿಂದ ಆಡಬೇಕು? ಆಡುವ ಸುಖಕ್ಕೆಂದು ಹೇಳಿ ನಾನು ಜಾರಿಕೊಳ್ಳಬಹುದು. ಆದರೆ ಅವಳ ತಾಯಿ ಕೇಳುವ ಪ್ರಶ್ನೆ ಅದಲ್ಲ. ದೈಹಿಕ ಶಿಕ್ಷಣದ ಪದವಿ ಓದಿ ಉಪಾಧ್ಯಾಯಿನಿಯಾಗುವುದು ಒಂದು ದಾರಿ. ಇನ್ನೊಂದು, ಹೆಚ್ಚು ಮಂದಿಗೆ ತಿಳಿಯದ್ದು: ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ನೇರವಾಗಿ ತೆಗೆದುಕೊಳ್ಳಲು ಅವಕಾಶವಿದೆ, ಅದಕ್ಕೆ ಗುರುತಿಸಿರುವ ಆಟಗಳ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಇದೆ. ರಾಜ್ಯ ತಂಡಕ್ಕೇ ಆಡಿರಬೇಕೆಂದಿಲ್ಲ, ಅಂತರ ವಿಶ್ವವಿದ್ಯಾನಿಲಯ ಪಂದ್ಯದಲ್ಲಿ ತನ್ನ ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದ್ದರೂ ಅರ್ಹತೆಯಾಗುತ್ತದೆ. ಆದರೆ ಬಹುಮಾನದ ಬಟ್ಟಲು, ಗುಂಪು ಛಾಯಾಚಿತ್ರ ಅಲ್ಲಿ ನಡೆಯವು. ಗೊತ್ತುಪಡಿಸಿದ ಮೂರನೆಯ ನಮೂನೆಯ ಪ್ರಮಾಣಪತ್ರದಲ್ಲಿ ವಿಶ್ವವಿದ್ಯಾನಿಲಯದ ಕ್ರೀಡಾಧಿಕಾರಿಯ ಸಹಿ ಬೇಕು. ಮದುವೆಯಾಗಿ ಬೇರೆ ಊರು ಸೇರಿ, ಐದಾರು ವರ್ಷದ ಮೇಲೆ ಆ ಒಂದು ಸಹಿಗಾಗಿ ಕಛೇರಿಯಿಂದ ಕಛೇರಿಗೆ ಅಲೆದ ಹಳೆಯ ವಿದ್ಯಾರ್ಥಿನಿಯರನ್ನು ನಾನು ಬಲ್ಲೆ. ಅಂತಿಮ ವರ್ಷದ ಪಂದ್ಯ ಮುಗಿದ ವಾರವೇ, ತಂಡದ ಪಟ್ಟಿ ಇನ್ನೂ ಮೇಜಿನ ಮೇಲಿರುವಾಗಲೇ, ಅದನ್ನು ಬರೆಸಿಕೊಳ್ಳಬೇಕು.